ತೋಪು ಬಳಸಿ ಹೋದ ಪೈಪು

ನಾಮ್ವಾಲಿ
೩ ಜೂನ್ ೧೯೭೯

ತಮ್ಮ ಜೋಸಾಮು,

ಕಾಗದ ಮೀನು ನಾರುತ್ತಿದೆ ಎಂದು ಮೂಗು ಮುರಿಯಬೇಡ. ಬಸ್ಸಿನವನ ಕೈಗೆ ಕೊಟ್ಟರೆ ಅದು ಅವನ ಜೇಬಿನಲ್ಲೇ ಮುದಿಯಾಗುತ್ತದೆ. ಅದಕ್ಕೇ ಮೀನು ಮಾರುವ ಬಕಾಲಿಯ ಸೈಕಲ್ಲಿನ ಮೀನುಬುಟ್ಟಿಯಲ್ಲಿ ಹಾಕಿದ್ದೇನೆ. ಅವನಾದರೆ ನಿಮ್ಮೂರಿಗೆ ಹೋಗಿಯೇ ಹೋಗುತ್ತಾನೆ, ಚಿಸೇಲೆಯವರಷ್ಟು ಒಣಮೀನು ತಿನ್ನುವವರು ಈ ಸೀಮೆಯಲ್ಲೇ ಇಲ್ಲ.

ವಿಷಯ ಇಷ್ಟು. ಮುಲಾಂಜೆ ಬೆಟ್ಟದ ತೊರೆಗೆ ಒಡ್ಡು ಕಟ್ಟುತ್ತಿದ್ದಾರೆ. ಅಲ್ಲಿಂದ ಪೈಪಿನಲ್ಲಿ ನೀರು ಇಳಿದು ಊರೂರಿಗೂ ನಲ್ಲಿ ಬರುತ್ತದಂತೆ. ಯಂತ್ರ ಬೇಡ, ಎಣ್ಣೆ ಬೇಡ, ಇಳಿಜಾರೇ ಸಾಕಂತೆ. ನಮ್ಮ ನಾಮ್ವಾಲಿ ಮೇಲಿನ ಊರು, ನಿನ್ನ ಹೆಂಡತಿ ಫನೇಸಿಯ ಊರು ಚಿಸೇಲೆ ಕಟ್ಟಕಡೆಯದು. ಅವರವರ ಊರಿನ ಕಾಲುವೆಯನ್ನು ಅವರವರೇ ತೋಡಬೇಕು. ಪೈಪಿನ ಮೇಸ್ತ್ರಿ ಗೊಂಡ್ವೆ ಎನ್ನುವವನು ಬಂದು ಗೂಟ ನೆಟ್ಟು ಹೋಗಿದ್ದಾನೆ. ಉತ್ತರದ ಕಡೆಯವನು, ಒಳ್ಳೆಯವನೇ, ನಮ್ಮ ತೊಗರಿಕಾಳಿನ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ.

ಆದರೆ ಅವನ ಗೂಟಗಳು ಅತ್ತಿಮರದ ಕಡೆಯಿಂದ ಸ್ಮಶಾನದ ತೋಪಿನೊಳಕ್ಕೆ ಹೊಕ್ಕು ಆ ಕಡೆ ಹೊರಬಿದ್ದಿವೆ. ಅಲ್ಲಿ ಹುಲ್ಲು ಕುಯ್ಯಲೂ ನಾವು ಹೋಗುವುದಿಲ್ಲ. ಮಣ್ಣು ಮುಟ್ಟುವವರು ಗುಂಡಿ ತೋಡುವವರು ಮಾತ್ರ, ಅದೂ ಮನೆತನದಲ್ಲಿ ಸಾವಾದ ದಿನ. ಅಮ್ಮ ಅಲ್ಲಿದ್ದಾಳೆ. ಪೈಪು ತೋಪನ್ನು ಬಳಸಿಕೊಂಡು ದಿಬ್ಬದ ಮೇಲೆ ಹೋಗಲಿ ಎನ್ನುವುದು ನನ್ನ ಮನಸ್ಸು. ನಾನು ಊರಿಗೆ ಯಜಮಾನಿ ಇರಬಹುದು, ಮನೆತನದ ಮಾತಿಗೆ ನೀನೇ ಬೇಕು. ಅಕ್ಕಂದಿರ ಮಕ್ಕಳಿಗೆ ಸೋದರಮಾವ ನೀನಲ್ಲದೆ ಇನ್ಯಾರು? ನಿನ್ನ ಮಾತನ್ನು ಬರೆದು ಕಳಿಸು. ಸ್ಪಷ್ಟವಾಗಿ ಬರೆ, ಬೇಗ ಬರೆ.

ಫನೇಸಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ
ಮಲಿತಾ


ಚಿಸೇಲೆ
೧೭ ಜೂನ್ ೧೯೭೯

ಅಕ್ಕ,

ಕಾಗದ ತಲುಪಿತು. ಬೆಕ್ಕು ಅದರ ಹಿಂದೆಯೇ ಮೂರು ಮನೆ ಸುತ್ತಿತು.

ಇಲ್ಲಿಯೂ ನಲ್ಲಿಯದೇ ಮಾತು. ಮನೆ ಅಳಿಯಂದಿರೆಲ್ಲ ಮೊದಲು ಗುದ್ದಲಿ ಹಿಡಿಯಬೇಕು ಎಂದು ಫನೇಸಿಯ ಸೋದರಮಾವ ನಂಗ್ವಾಲೆ ಅಪ್ಪಣೆ ಮಾಡಿದ್ದಾರೆ. "ಸೂಜಿ ಹಿಡಿಯೋ ಕೈಗೆ ಗುದ್ದಲಿ ಬಗ್ಗುತ್ತಾ ಅಳಿಯಂದ್ರೆ?" ಎಂದು ಎಲ್ಲರೆದುರು ಕೇಳಿದರು. ಹೊಲಿಗೆಯಂಗಡಿ ಮುಚ್ಚಿ ನಾನೂ ಹೋಗುತ್ತೇನೆ. ಹದಿನಾರು ವರ್ಷ ಇಲ್ಲಿ ಬಾಳಿದ್ದರೂ ನಾನು ಹೊರಗಿನವನೇ. ಈ ನೀರಾದರೂ ಬಂದರೆ ನನ್ನ ಬೆವರೂ ಅದರಲ್ಲಿದೆ ಅನ್ನಿಸಿಕೊಳ್ಳಬಹುದು ಎಂದು ಆಸೆ.

ನಿನ್ನ ಕಾಗದವನ್ನು ಫನೇಸಿಗೆ ಓದಿ ಹೇಳಿದೆ. ಮುದ್ದೆ ತಿರುವುತ್ತಿದ್ದವಳು ನಕ್ಕುಬಿಟ್ಟಳು. "ಪೈಪು ಕಂಡು ಸತ್ತೋರು ಎದ್ದು ಓಡಿಹೋಗ್ತಾರೇನ್ರೀ? ನೆಟ್ಟಗೆ ಅಗೀಲಿ ಅಂತ ಬರೀರಿ. ನನ್ನ ಸೊಂಟ ಬಿದ್ದುಹೋಗ್ತಿದೆ ಹೊಳೆಯಿಂದ ಹೊತ್ತು ಹೊತ್ತು."

"ಅತ್ತಿಮರದ ಕಡೆಯಿಂದ ಹೋಗಿದೆಯಂತೆ ಗೂಟ," ಎಂದೆ.

"ಅತ್ತಿಮರದ ಕಡೆಯಿಂದಾನಾ?"

"ಹೂಂ. ಯಾಕೆ?"

ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. ಆಮೇಲೆ, "ಹಂಗಾದ್ರೆ ಬೇಡ. ಬಳಸಿಕೊಂಡು ಹೋಗ್ಲಿ ಅಂತ್ಲೇ ಬರೀರಿ," ಎಂದಳು.

"ಈಗ ತಾನೇ ಬೇರೆ ಹೇಳಿದ್ಯಲ್ಲೇ!"

"ಹೇಳಿದ್ದೆ, ಈಗ ಹಿಂಗೆ ಹೇಳ್ತಿದೀನಿ. ನಿಮ್ಮಕ್ಕ ಬಾಯಿಬಿಟ್ಟು ಕೇಳಿದಾರೆ. ಬರೀರಿ ಮೊದ್ಲು, ಮುದ್ದೆ ಆರೋಗುತ್ತೆ."

ಹೆಂಗಸರ ಮನಸ್ಸು ನನಗೆ ಯಾವತ್ತು ತಿಳಿದಿದೆ? ನನಗೂ ಅಮ್ಮನ ಮೇಲೆ ಗುದ್ದಲಿ ಬೀಳುವುದು ಇಷ್ಟವಿಲ್ಲ. ಹಾಗಾಗಿ ಮನೆತನದ ಗಂಡಸಾಗಿ ಬರೆಯುತ್ತಿದ್ದೇನೆ: ತೋಪಿನೊಳಗೆ ಪೈಪು ಬೇಡ, ದಿಬ್ಬದ ಮೇಲೆ ಬಳಸಿ ಹೋಗಲಿ. ಇದು ನನ್ನ ಮಾತು. ಯಾರಿಗೆ ಬೇಕಾದರೂ ತೋರಿಸು.

ನಿನ್ನ ತಮ್ಮ
ಜೋಸಾಮು


ನಾಮ್ವಾಲಿ
೯ ಸೆಪ್ಟೆಂಬರ್ ೧೯೭೯

ತಮ್ಮ ಜೋಸಾಮು,

ನೀರು ಬಂತು! ಇದನ್ನು ಮೊದಲು ಬರೆದುಬಿಡುತ್ತೇನೆ, ಜಗಳ ಆಮೇಲೆ.

ನಲ್ಲಿ ತಿರುಗಿಸಿದಾಗ ಮೊದಲು ಕೆಂಪಗೆ ಉಗುಳಿತು, ಆಮೇಲೆ ಬೆಳ್ಳಗೆ, ಆಮೇಲೆ ತಿಳಿಯಾಗಿ ಬಂತು ನೋಡು, ಹೆಂಗಸರ ಹರ್ಷದ ಉಲಿ ಬೆಟ್ಟಕ್ಕೆ ಕೇಳಿಸಿರಬೇಕು. ಮುದುಕಿ ನಸಿವೆಲೊ ಒಂದು ಬೊಗಸೆ ಕುಡಿದು, "ಥೂ, ರುಚಿಯೇ ಇಲ್ವಲ್ಲೇ," ಎಂದಳು. ಜೀವಮಾನವಿಡೀ ಕೆಸರು ಕುಡಿದವಳು, ಪಾಪ. ಎಲ್ಲರೂ ನಕ್ಕು ನಕ್ಕು ಅತ್ತೆವು. ಬೇಕೆಂದೇ ಕೊಡ ತುಂಬಿಸಿ ನೆಲಕ್ಕೆ ಚೆಲ್ಲಿದವರೂ ಇದ್ದರು, ನಾನು ಬೈಯಲಿಲ್ಲ.

ಜಗಳ ಏನೆಂದರೆ, ಗೂಟ ಕಿತ್ತು ದಿಬ್ಬದ ಮೇಲೆ ನೆಡಿಸುವಾಗ ಗೊಂಡ್ವೆ ನನ್ನ ಜೊತೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವಾದ ಮಾಡಿದ. "ಅಮ್ಮಾ, ನೀರಿಗೆ ಕಾಲಿಲ್ಲ. ದಿಬ್ಬ ಹತ್ತಿಸಿದ್ರೆ ಅಲ್ಲೇ ಅದರ ಜೋರು ಮುಗಿಯುತ್ತೆ. ಕೊನೇ ಊರಿಗೆ ಮುಟ್ಟೋದು ಅನುಮಾನ," ಎಂದ. ಅನುಮಾನ ಎಂದ, ಮುಟ್ಟುವುದಿಲ್ಲ ಎನ್ನಲಿಲ್ಲ, ನೆನಪಿಟ್ಟುಕೋ. ನಾನು ಸೀಮೆಯ ದೊಡ್ಡ ಯಜಮಾನರ ಹತ್ತಿರ ಹೋದೆ. ಎಲ್ಲ ಊರಿನ ಯಜಮಾನರೂ ಕೂತಿದ್ದರು. ನಿನ್ನ ಮಾತನ್ನು ಎದ್ದುನಿಂತು ಹೇಳಿದೆ: ಇದು ನನ್ನ ತಮ್ಮನ ಮಾತು, ಕೊನೆಯ ಊರಿನಲ್ಲಿ ಬಾಳುವವನೇ ಹೇಳಿದ್ದಾನೆ ಎಂದೆ. ಅದಕ್ಕೆ ಯಾರೂ ಎದುರು ಹೇಳಲಿಲ್ಲ. ಅವತ್ತು ನನಗೆ ನಿನ್ನ ಮೇಲೆ ಬಹಳ ಹೆಮ್ಮೆಯಾಯಿತು.

ಮುಂದಿನ ತಿಂಗಳು ನಿಮಗೂ ನೀರು ಬರುತ್ತದೆ. ಫನೇಸಿಯ ಸೊಂಟಕ್ಕೆ ಇನ್ನು ಬಿಡುವು ಎಂದು ಹೇಳು.

ನಿನ್ನ ಅಕ್ಕ
ಮಲಿತಾ


ಚಿಸೇಲೆ
೨೮ ಅಕ್ಟೋಬರ್ ೧೯೭೯

ಅಕ್ಕ,

ನಮ್ಮ ನಲ್ಲಿ ಕೆಮ್ಮುತ್ತದೆ.

ತಮಾಷೆಯಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಊರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಬಂದು ನಿಂತಿತ್ತು. ಅರ್ಧ ಬಟ್ಟೆ ನಾನೇ ಹೊಲಿದದ್ದು. ಎಲ್ಲರಿಗಿಂತ ಮುಂದೆ ಫನೇಸಿ, ಹೊಸ ಬಕೆಟ್ಟು ತಲೆಯ ಮೇಲೆ. ನಂಗ್ವಾಲೆ ನಲ್ಲಿ ತಿರುಗಿಸಿದರು. ಗೊರ ಗೊರ ಎಂದು ಗಾಳಿ ಬಂತು. ಕಾಯ್ದೆವು. ಇನ್ನಷ್ಟು ಗಾಳಿ ಬಂತು. ಮಕ್ಕಳು ನಗತೊಡಗಿದವು, ದೊಡ್ಡವರು ಯಾರೂ ನಗಲಿಲ್ಲ.

ಗೊಂಡ್ವೆ ಮೇಸ್ತ್ರಿ ಪೈಪಿನುದ್ದಕ್ಕೂ ನಡೆದುಹೋಗಿ ನೋಡಿ ಬಂದ. ಎಲ್ಲಿಯೂ ಸೋರಿಕೆ ಇಲ್ಲ. ನಾಮ್ವಾಲಿಯ ದಿಬ್ಬದ ತನಕ ನೀರು ಏರಿ ಅಲ್ಲಿ ಸುಸ್ತಾಗಿ ನಿಲ್ಲುತ್ತದಂತೆ. ದಿಬ್ಬದಿಂದ ಮೇಲಿನ ಊರುಗಳು ನಲ್ಲಿ ಮುಚ್ಚಿದಾಗ ಮಾತ್ರ ಒಂದಿಷ್ಟು ಈಚೆ ಜಾರುತ್ತದೆ, ಅದನ್ನೂ ನಡುವಿನ ಊರಿನವರು ಹಿಡಿದುಕೊಳ್ಳುತ್ತಾರೆ. "ಹಳೇ ಗೂಟದ ಮೇಲೆ ನೆಟ್ಟಗೆ ಬಂದಿದ್ರೆ ನಿಮ್ಮಲ್ಲೂ ಸುರೀತಿತ್ತು," ಎಂದು ಎಲ್ಲರೆದುರು ಹೇಳಿದ. ಯಾರು ಬಳಸಿ ಹೋಗಲಿ ಅಂದವರು ಎಂದು ನಂಗ್ವಾಲೆ ಕೇಳಿದರು. ಅವನು ನನ್ನ ಕಡೆ ನೋಡಿದ, ಪಾಪ, ನೋಡಬಾರದೆಂದುಕೊಂಡೇ ನೋಡಿದ.

ಅಕ್ಕ, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತೋಪಿನೊಳಗೆ ಹೋಗಲಿ. ಅಮ್ಮ ಇದ್ದಿದ್ದರೆ ಮೊಮ್ಮಕ್ಕಳು ನೀರು ಕುಡಿಯಲಿ ಎಂದು ತಾನೇ ಸರಿದು ಮಲಗುತ್ತಿದ್ದಳು. ಮಳೆ ಶುರುವಾಗುವ ಮೊದಲು ತೋಡಿಸು. ಮಳೆಗಾಲದಲ್ಲಿ ನಮ್ಮ ಹೊಳೆಯ ನೀರು ಹೇಗಿರುತ್ತದೆ ನಿನಗೆ ಗೊತ್ತು.

ನಿನ್ನ ತಮ್ಮ
ಜೋಸಾಮು


ನಾಮ್ವಾಲಿ
೧೧ ನವೆಂಬರ್ ೧೯೭೯

ಜೋಸಾಮು,

ಆಗುವುದಿಲ್ಲ.

ಅಷ್ಟು ಜನ ಯಜಮಾನರ ಎದುರು ನಿಂತು ಸತ್ತವರ ಹೆಸರೆತ್ತಿ ಹೇಳಿದ ಮಾತನ್ನು ಈಗ ಉಗುಳಿ ನೆಕ್ಕು ಎನ್ನುತ್ತೀಯಾ? ನಿನ್ನದೇನು, ಹೆಂಡತಿಯ ಊರಿನಲ್ಲಿ ಬಟ್ಟೆ ಹೊಲಿದುಕೊಂಡು ಇರುತ್ತೀ. ನಾನು ಇಲ್ಲಿ ಇವರಿಗೆಲ್ಲ ಮುಖ ತೋರಿಸಬೇಕು. ಗುಂಡಿ ತೋಡುವವರ ಹಿರಿಯನನ್ನೂ ಕೇಳಿದೆ, ಸಾವಿಲ್ಲದೆ ತೋಪಿನ ಮಣ್ಣು ಮುಟ್ಟುವುದಿಲ್ಲ ಎಂದ. ನಾನೂ ಒತ್ತಾಯ ಮಾಡಲಿಲ್ಲ.

ಬೇರೆ ದಾರಿ ಮಾಡುತ್ತೇನೆ. ಬೆಳಕು ಹರಿಯುವ ಹೊತ್ತಿನಲ್ಲಿ ನಮ್ಮ ನಲ್ಲಿಗಳನ್ನು ಮುಚ್ಚಿಸುತ್ತೇನೆ, ಮೇಲಿನ ಊರುಗಳಿಗೂ ಹೇಳಿ ಕಳಿಸಿದ್ದೇನೆ. ಅಷ್ಟು ಹೊತ್ತು ನಿಮಗೆ ಬರುತ್ತದೆ.

ಇದರ ಮೇಲೆ ಇನ್ನು ಬರೆಯಬೇಡ. ಆ ಜಾಗದ ವಿಷಯ ಮಾತಾಡಲು ನನಗೆ ಇಷ್ಟವಿಲ್ಲ.

ಮಲಿತಾ


ಚಿಸೇಲೆ
೬ ಜನವರಿ ೧೯೮೦

ಅಕ್ಕ,

ಬರೆಯಬೇಡ ಎಂದು ನೀನು ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ.

ನೀನು ನಲ್ಲಿ ಮುಚ್ಚಿಸಿದ ಮೊದಲ ವಾರ ನಮಗೆ ದಾರದಷ್ಟು ನೀರು ಬಂತು. ಹೆಂಗಸರು ಸಾಲು ನಿಂತು ಲೋಟದಲ್ಲಿ ಹಿಡಿದರು. ಆಮೇಲೆ ಅದೂ ನಿಂತಿತು. ಮೇಲಿನವರನ್ನು ಏನೆಂದು ಬೈಯುವುದು? ನಲ್ಲಿಯಲ್ಲಿ ನೀರಿರುವಾಗ ಮುಚ್ಚಿಕೊಂಡು ಕೂರುವವರು ಯಾರು? ನಾವಾದರೂ ಕೂರುತ್ತಿರಲಿಲ್ಲ.

ಈಗ ಮಳೆ. ಹೊಳೆ ಕೆಂಪಗೆ ಹರಿಯುತ್ತಿದೆ. ಫನೇಸಿ ದಡದ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಸೋರೆಬುರುಡೆಯಲ್ಲಿ ಮೊಗೆದು ತುಂಬುತ್ತಾಳೆ. ಮೇಲಿನಿಂದ ಏನೇನು ತೇಲಿಬರುತ್ತದೋ ಎಲ್ಲ ಆ ಮರಳಿಗೇ. ಸೌದೆ ಹಸಿ, ಕುದಿಸುವುದು ಹೇಗೆ? ಇಲ್ಲಿ ಎರಡು ಮನೆಯಲ್ಲಿ ವಾಂತಿಭೇದಿ ಶುರುವಾಗಿದೆ ಎಂದು ಸುದ್ದಿ.

ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಬಂದರೂ ಬಟ್ಟೆ ತರುವುದಿಲ್ಲ, ಮಾತು ತರುತ್ತಾರೆ. "ಏನ್ ಅಳಿಯಂದ್ರೆ, ನಿಮ್ಮಕ್ಕನ ಊರಲ್ಲಿ ಹಂದಿಗೂ ನಲ್ಲಿ ನೀರಲ್ಲೇ ಸ್ನಾನವಂತೆ?" ನಾನು ಹೊಲಿಗೆ ಯಂತ್ರ ಜೋರಾಗಿ ತುಳಿದು ಕೇಳಿಸದವನಂತೆ ಇರುತ್ತೇನೆ. ಫನೇಸಿ ಮಾತ್ರ ಬಿಡುವವಳಲ್ಲ. ಮೊನ್ನೆ ಒಬ್ಬಳಿಗೆ, "ನನ್ನ ಗಂಡನ್ನ ಅನ್ನೋದು ಬಿಟ್ಟು ನಿನ್ನ ಗಂಡನ ಪ್ಯಾಂಟಿಗೆ ತೇಪೆ ಹಾಕಿಸ್ಕೋ, ಊರಿಗೆಲ್ಲ ಕಾಣ್ತಿದೆ," ಎಂದು ಹೇಳಿ ಬಾಯಿ ಮುಚ್ಚಿಸಿದಳು.

ಫನೇಸಿಗೆ, ನೀನೇ ಒಂದು ಸಲ ನಾಮ್ವಾಲಿಗೆ ಹೋಗಿ ಅಕ್ಕನ ಕಾಲು ಹಿಡಿ, ನಿನ್ನ ಮಾತು ಕೇಳುತ್ತಾಳೆ ಎಂದು ಹೇಳಿದೆ. "ಬೇಡ," ಎಂದಳು. ಯಾಕೆ ಎಂದರೆ, "ಅವರಿಗೆ ನಾನು ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ಕೇಳಲ್ಲ," ಎಂದಳು. ಇದಕ್ಕೆ ಏನರ್ಥ ಅಕ್ಕ? ನಿನಗಾದರೂ ತಿಳಿಯುತ್ತದೆಯೇ?

ಜೋಸಾಮು


ನಾಮ್ವಾಲಿ
೨೦ ಜನವರಿ ೧೯೮೦

ತಮ್ಮ,

ಬಕಾಲಿಯ ಸೈಕಲ್ಲಿಗೆ ಒಂದು ಡಬ್ಬ ನಲ್ಲಿ ನೀರು ಕಟ್ಟಿ ಕಳಿಸಿದ್ದೇನೆ. "ಯಜಮಾನಿ, ಮೀನು ಮಾರೋನು ನೀರು ಹೊತ್ತರೆ ಜನ ನಗ್ತಾರೆ, ಮೀನು ಜೀವಂತ ಇದೆಯಾ ಅಂತ ಕೇಳ್ತಾರೆ," ಎಂದ. ನಗಲಿ ಬಿಡು ಎಂದೆ. ಕುಡಿಯುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಪ್ರತಿ ವಾರ ಕಳಿಸುತ್ತೇನೆ. ತೊಗರಿಯೂ ಇದೆ, ಹೊಸದು.

ವಾಂತಿಭೇದಿ ಹತ್ತಿರ ಬಂದರೆ ಫನೇಸಿಯನ್ನೂ ಮಕ್ಕಳನ್ನೂ ಇಲ್ಲಿಗೆ ಕಳಿಸಿಬಿಡು. ತಮ್ಮನ ಹೆಂಡತಿ ಮನೆಗೆ ಬಂದರೆ ಯಾರೂ ಏನೂ ಅನ್ನುವುದಿಲ್ಲ. ನಾನೇ ಕರೆದೆ ಎಂದು ಹೇಳು. ತಡಮಾಡಬೇಡ.

ಅವಳು ಹೇಳಿದ್ದರ ಅರ್ಥ ನನಗೆ ಗೊತ್ತು. ಬರೆಯಲಾರೆ.

ನಿನ್ನ ಅಕ್ಕ
ಮಲಿತಾ


ಚಿಸೇಲೆ
೧೩ ಫೆಬ್ರವರಿ ೧೯೮೦

ಅಕ್ಕ,

ಫನೇಸಿ ಹೋದಳು.

ಮೊದಲು ನಮ್ಮ ಚಿಕ್ಕ ಮಗ ಡೈಸನ್‌ಗೆ ಶುರುವಾಯಿತು. ನೀನು ಕಳಿಸಿದ ಡಬ್ಬದ ನೀರನ್ನೆಲ್ಲ ಅವನಿಗೇ ಕುಡಿಸಿದಳು, ಮಗಳು ಎಸ್ನಾತಿಗೂ ಅದನ್ನೇ ಕೊಟ್ಟಳು. ತಾನು ಗುಂಡಿಯ ನೀರು ಕುಡಿದಳು. ನನಗೆ ಗೊತ್ತಾಗಲಿಲ್ಲ. ಅವನು ಎದ್ದು ಕೂತ ದಿನ ಇವಳು ಮಲಗಿದಳು. ನಾಮ್ವಾಲಿಗೆ ಹೊರಡೋಣ ಎಂದೆ, ಅಷ್ಟರಲ್ಲಿ ಸೇತುವೆ ಕೊಚ್ಚಿಹೋಗಿತ್ತು. ಆಸ್ಪತ್ರೆಗೂ ಅದೇ ಸೇತುವೆ. ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಹೊಳೆಯ ತನಕ ಹೊತ್ತುಕೊಂಡು ಹೋಗಿ, ನೀರು ಇಳಿಯಲಿ ಎಂದು ಕಾಯುತ್ತ ಕೂತೆವು. ನಾವು ಕಾಯುತ್ತಿದ್ದಂತೆಯೇ ಹೋದಳು. ಸುತ್ತಲೂ ನೀರು. ಅವಳು ಮಾತ್ರ ಒಂದು ಗುಟುಕು, ಒಂದು ಗುಟುಕು ಎನ್ನುತ್ತಿದ್ದಳು.

ಅವರ ತೋಪಿನಲ್ಲಿ ಮಣ್ಣು ಮಾಡಿದೆವು. ಪದ್ಧತಿಯಂತೆ ಅವಳ ನೀರಿನ ಮಡಕೆಯ ತಳ ಒಡೆದು ಗೋರಿಯ ಮೇಲಿಟ್ಟರು.

ನಿನಗೆ ಬರಲಾಗುತ್ತಿರಲಿಲ್ಲ ಎಂದು ಗೊತ್ತು, ಸೇತುವೆ ಇಲ್ಲ; ಈ ಕಾಗದವೂ ನೀರು ಇಳಿದ ಮೇಲೆಯೇ ಹೊಳೆ ದಾಟುತ್ತದೆ. ಬರದಿದ್ದದ್ದೇ ಒಳ್ಳೆಯದಾಯಿತು. ಬಂದಿದ್ದರೆ ನಿನ್ನನ್ನು ಏನೆಂದುಬಿಡುತ್ತಿದ್ದೆನೋ.

ಜೋಸಾಮು


ನಾಮ್ವಾಲಿ
೨೩ ಮಾರ್ಚ್ ೧೯೮೦

ನನ್ನ ತಮ್ಮನಿಗೆ,

ಏನು ಬೇಕಾದರೂ ಅನ್ನು. ನಾನು ಕೇಳಿಸಿಕೊಳ್ಳುತ್ತೇನೆ.

ಈಗ ಬರೆಯುವುದು ಹೆಂಗಸರ ಮಾತು. ಗಂಡಸಿಗೆ ಹೇಳಬಾರದು, ಹೇಳಿದರೆ ಹಿರಿಯರು ನನ್ನನ್ನು ಮುದುಕಿಯರ ಸಾಲಿನಿಂದ ಎಬ್ಬಿಸುತ್ತಾರೆ. ಎಬ್ಬಿಸಲಿ.

ನೀನು ತೋಟದ ಕೆಲಸಕ್ಕೆ ಹೋಗಿದ್ದ ವರ್ಷ ನನಗೆ ಬಸಿರು ನಿಲ್ಲಲಿಲ್ಲ ಎಂದು ನಿನಗೆ ಹೇಳಿದ್ದರು. ನಿಂತಿತ್ತು ಜೋಸಾಮು. ಹೆಣ್ಣು ಮಗು ಹುಟ್ಟಿತ್ತು. ಸಂಜೆವರೆಗೆ ಉಸಿರಾಡಿತು. ಹಾಗೆ ಹೋದ ಮಗುವಿಗೆ ಹೆಸರಿಲ್ಲ, ಅಳುವುದಕ್ಕಿಲ್ಲ, ಗುಂಡಿ ತೋಡುವ ಗಂಡಸರು ಬರುವುದಿಲ್ಲ. ಹೆಂಗಸರೇ ಎತ್ತಿಕೊಂಡು ಹೋಗಿ ತೋಪಿನ ಅಂಚಿನಲ್ಲಿ, ಅತ್ತಿಮರದ ತಂಪಿನಲ್ಲಿ ಇಟ್ಟುಬರುತ್ತಾರೆ. ಎಲ್ಲಿ ಎಂದು ಯಾವ ಗಂಡಸಿಗೂ ಹೇಳುವುದಿಲ್ಲ. ಬಾಣಂತನಕ್ಕೆಂದು ಫನೇಸಿ ಬಂದಿದ್ದಳು. ನಿನ್ನನ್ನು ಮದುವೆಯಾಗಿ ಒಂದು ಮಳೆಗಾಲ ಕಳೆದಿರಲಿಲ್ಲ, ಹುಡುಗಿ. ನನ್ನ ಮಗುವನ್ನು ತನ್ನ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದವಳು ಅವಳೇ. ಕೈಯಿಂದಲೇ ಮಣ್ಣು ತೋಡಿದಳಂತೆ.

ಗೊಂಡ್ವೆಯ ಗೂಟ ಅಲ್ಲಿಯೇ ಇತ್ತು.

ಗಂಡಸರ ಸಭೆಯಲ್ಲಿ ಇದನ್ನು ಏನೆಂದು ಹೇಳಲಿ? ಅಮ್ಮನ ಹೆಸರು ಹೇಳಿದೆ, ನಿನ್ನ ಮಾತು ಕೇಳಿದೆ. ಅಮ್ಮನ ಗೋರಿ ಪೈಪಿನ ದಾರಿಗೆ ಎಷ್ಟೋ ದೂರ. ಫನೇಸಿಗೆ ಅತ್ತಿಮರ ಎಂದೊಡನೆ ತಿಳಿದುಹೋಗಿದೆ. ನನಗೋಸ್ಕರ ನಿನ್ನ ಕೈಯಲ್ಲಿ ಹಾಗೆ ಬರೆಸಿದಳು. ಆಮೇಲೆ ನೀರು ಬರದೆ ಹೊಳೆಯ ದಡದಲ್ಲಿ ಗುಂಡಿ ತೋಡುವಾಗಲೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನು ಇಲ್ಲ ಎನ್ನುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವಳು ಕೇಳಲಿ ಎಂದು ನಾನು ಯಾಕೆ ಕಾದೆ? ಕೇಳದೆಯೇ ಕೊಡಬಹುದಿತ್ತಲ್ಲ. ಅದೊಂದೇ ಯೋಚನೆ ನನ್ನನ್ನು ತಿನ್ನುತ್ತಿದೆ. ಸಂಜೆವರೆಗೆ ಇದ್ದ ಮಗುವಿಗಾಗಿ ಮಕ್ಕಳ ತಾಯಿಯನ್ನು ಕಳೆದೆ.

ಸಾವಿಲ್ಲದೆ ತೋಪಿನ ಮಣ್ಣು ಮುಟ್ಟುವುದಿಲ್ಲ ಎಂದಿದ್ದ ಗುಂಡಿ ತೋಡುವವರ ಹಿರಿಯನನ್ನು ಕರೆಸಿದೆ. "ಸಾವಾಗಿದೆ, ತೋಡಿ," ಎಂದೆ. "ಯಜಮಾನಿ, ಅವರು ನಮ್ಮ ಮನೆತನದೋರಲ್ಲ, ಹೆಣಾನೂ ಇಲ್ಲಿಲ್ಲ," ಎಂದ. "ನಾನು ಯಜಮಾನಿ. ಅವಳು ನನ್ನ ಮನೆತನ ಅಂದ್ರೆ ಮನೆತನ," ಎಂದೆ. ಊರೆಲ್ಲ ಕೆಲಸ ನಿಲ್ಲಿಸಿತು. ಹೆಂಗಸರು ನನ್ನ ಅಂಗಳದಲ್ಲಿ ಕೂತು ಅತ್ತರು, ಸಾವಿನ ಅಡುಗೆಯಾಯಿತು. ಗುಂಡಿ ತೋಡುವವರು ಫನೇಸಿಯ ಹೆಸರು ಹೇಳಿ ತೋಪಿನೊಳಗೆ ಕಾಲುವೆ ತೋಡಿದರು, ಗೊಂಡ್ವೆಯ ಹಳೆಯ ಗೂಟದ ನೇರಕ್ಕೆ. ಅವನು ಟೋಪಿ ತೆಗೆದು ನಿಂತಿದ್ದ. ಅತ್ತಿಮರದ ಹತ್ತಿರ ಬಂದಾಗ ಗಂಡಸರನ್ನೆಲ್ಲ ಆಚೆ ಕಳಿಸಿ, ಆ ಅಷ್ಟು ಜಾಗವನ್ನು ನಾನೂ ನಸಿವೆಲೊ ಮುದುಕಿಯೂ ತೋಡಿದೆವು. ಅಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಬರೆಯುವುದಿಲ್ಲ. ಪೈಪು ಇಟ್ಟು ಮಣ್ಣು ಮುಚ್ಚುವಾಗ ಎಲ್ಲರೂ ಒಂದೊಂದು ಹಿಡಿ ಹಾಕಿದರು.

ಗೊಂಡ್ವೆ ಎರಡೂ ತುದಿ ಜೋಡಿಸಿದೊಡನೆ ನೀರು ನಿಮ್ಮ ಕಡೆ ಹೊರಡುತ್ತದೆ. ತಡವಾಯಿತು ಎಂದು ನಾನೇ ಹೇಳುತ್ತಿದ್ದೇನೆ, ನೀನು ಹೇಳಬೇಕಾಗಿಲ್ಲ.

ನಿನ್ನ ಅಕ್ಕ
ಮಲಿತಾ


ಚಿಸೇಲೆ
೨೦ ಏಪ್ರಿಲ್ ೧೯೮೦

ಅಕ್ಕ,

ನಿನ್ನ ಕಾಗದ ಓದಿದೆ. ಸಿಟ್ಟು ಬಂತು. ನಿನ್ನ ಮೇಲೆ ಬಂದಷ್ಟೇ ಅವಳ ಮೇಲೂ ಬಂತು. ಅಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿ ಒಂದು ಮಾತು ಹೇಳಲಿಲ್ಲವಲ್ಲ. ನಿನ್ನ ಮಗಳು ಎಂದರೆ ನನ್ನ ಹೊಣೆ, ನಾನು ಸೋದರಮಾವ. ಗೊತ್ತಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ ಅಕ್ಕ, ಬಳಸಿ ಹೋಗಲಿ ಎಂದೇ. ಆದರೆ ಗೊತ್ತಿದ್ದು ಬರೆಯುತ್ತಿದ್ದೆ. ನೀರು ಬಾರದಿದ್ದಾಗ ನಿನ್ನ ಜೊತೆ ಬೇರೆ ರೀತಿ ಮಾತಾಡುತ್ತಿದ್ದೆ, ಅವಳ ಜೊತೆಯೂ. ಅದೆಲ್ಲ ಇನ್ನೆಲ್ಲಿಯ ಮಾತು.

ಶೋಕದ ದಿನಗಳು ಮುಗಿದವು. ನಂಗ್ವಾಲೆ ಪದ್ಧತಿಯಂತೆ ನನ್ನನ್ನು ಕರೆದು ಚಾಪೆಯ ಮೇಲೆ ಕೂರಿಸಿ ಕೋಳಿ ಕೊಟ್ಟು ಅಳಿಯತನದಿಂದ ಬಿಡುಗಡೆ ಮಾಡಿದರು. "ಅಳಿಯಂದ್ರೆ, ನಿಮ್ಮ ಕಡೆಯಿಂದ ತಪ್ಪೇನೂ ಆಗಿಲ್ಲ. ನಮ್ಮ ಮಗಳನ್ನ ಚೆನ್ನಾಗಿ ಬಾಳಿಸಿದ್ರಿ. ಇನ್ನು ನಿಮ್ಮವರ ಹತ್ರ ಹೋಗಿ," ಎಂದರು. ನಲ್ಲಿಯ ಮಾತು ಎತ್ತಲಿಲ್ಲ, ದೊಡ್ಡ ಮನುಷ್ಯ.

"ಇಲ್ಲೇ ಒಂದು ಮೂಲೇಲಿ ಯಂತ್ರ ಇಟ್ಕೊಂಡು ಇರ್ತೀನಿ ಮಾವ. ಮಕ್ಕಳ ಕಣ್ಣಿಗೆ ಬೀಳ್ತಾ ಇರ್ತೀನಿ," ಎಂದೆ.

"ಯಾರ ಅಳಿಯ ಅಂತ ಇರ್ತೀರಿ?" ಎಂದರು. ಕೆಟ್ಟದಾಗಿ ಕೇಳಲಿಲ್ಲ. ಕೋಳಿಯನ್ನು ಎತ್ತಿಕೊಂಡು ಎದ್ದೆ.

ಮಕ್ಕಳು ತಾಯಿಯ ಮನೆತನದವು, ಇಲ್ಲೇ ಇರುತ್ತವೆ. ಡೈಸನ್ ಚೇತರಿಸಿಕೊಂಡಿದ್ದಾನೆ, ಎಲ್ಲರಿಗಿಂತ ಹೆಚ್ಚು ಓಡುತ್ತಾನೆ. ಎಸ್ನಾತಿಗೆ ತೇಪೆ ಹಾಕುವುದು, ಗುಂಡಿ ಹೊಲಿಯುವುದು ಕಲಿಸಿದ್ದೇನೆ. ಹೊಲಿಗೆ ಯಂತ್ರವನ್ನು ಅವಳಿಗೇ ಬಿಟ್ಟು ಬರುತ್ತೇನೆ. ಗುರುವಾರ ಹೊರಡುತ್ತೇನೆ. ಯಾರನ್ನೂ ಎದುರುಗೊಳ್ಳಲು ಕಳಿಸಬೇಡ, ನೀನೂ ದಾರಿಗೆ ಬರಬೇಡ. ಮೂಲೆಯಲ್ಲಿ ಒಂದು ಚಾಪೆ ಹಾಸಿಡು. ಮಾತು ಯಾವಾಗ ಬರುತ್ತದೋ ಆಗ ಆಡೋಣ.

ನಿನ್ನೆ ನೀರು ಬಂತು.

ಎಸ್ನಾತಿ ಕೂಗುತ್ತ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಊರೆಲ್ಲ ಅಲ್ಲಿತ್ತು. ನಲ್ಲಿಯ ಬಾಯಿ ತುಂಬ ಬರುತ್ತಿತ್ತು, ಬಕೆಟ್ಟು ಇಟ್ಟರೆ ನೋಡನೋಡುತ್ತ ತುಂಬುತ್ತಿತ್ತು. ನನ್ನನ್ನು ಕಂಡು ಜನ ಸರಿದು ದಾರಿ ಬಿಟ್ಟರು, ಯಾರೂ ಏನೂ ಆಡಿಕೊಳ್ಳಲಿಲ್ಲ. ಎಸ್ನಾತಿ ಲೋಟ ತೊಳೆದು ತುಂಬಿಸಿ, "ಅಪ್ಪಾ, ನೀನು ಕುಡಿ ಮೊದ್ಲು," ಎಂದಳು.

ಅದು ಕಹಿಯಾಗಿರಲಿ ಎಂದುಕೊಂಡೆ ಅಕ್ಕ. ಕಬ್ಬಿಣ ನಾರಲಿ, ಮಣ್ಣು ನಾರಲಿ, ಗಂಟಲಿಗಿಳಿಯದಿರಲಿ, ಉಗಿದುಬಿಡುತ್ತೇನೆ ಎಂದುಕೊಂಡೆ. ಕುಡಿದೆ. ತಣ್ಣಗೆ, ಚೆನ್ನಾಗಿತ್ತು. ಲೋಟ ಮುಂದೆ ಚಾಚಿ ಇನ್ನೊಂದು ಸಲ ಹಾಕಿಸಿಕೊಂಡು ಕುಡಿದೆ.

ನಿನ್ನ ತಮ್ಮ
ಜೋಸಾಮು